ನಿಮಗಿದು ಗೊತ್ತೇ? ದಿನಕ್ಕೆ ನೂರು ಕಿಲೋಮೀಟರ್ ದುಡಿಯುವ ಬೈಕು

ತಲಕಾಡಿನಿಂದ ಮೈಸೂರಿಗೆ ಸುಮಾರು 45 ಕಿ.ಮೀ. ಬೆಳಿಗ್ಗೆ ಊರು ಬಿಟ್ಟು, ಮೈಸೂರಿನಲ್ಲಿ ಕೊರಿಯರ್ ಹಂಚಿ, ಮನೆಮನೆಗೆ ಊಟದ ಪಾರ್ಸೆಲ್ ಮುಟ್ಟಿಸಿ, ರಾತ್ರಿ ವಾಪಸಾಗುವ ಹುಡುಗನ ಗಾಡಿ ಹೋಗಿಬರುವುದಕ್ಕೇ 90 ಕಿ.ಮೀ. ಓಡುತ್ತದೆ. ಪೇಟೆಯೊಳಗಿನ ಸುತ್ತಾಟ ಬೇರೆ. ಟಿ. ನರಸೀಪುರ, ನಂಜನಗೂಡಿನವರಿಗೆ ದಾರಿ ಕಡಿಮೆ. ಆದರೂ ಇಂಥ ಕೆಲಸ ಹಿಡಿದವರಿಗೆ ದಿನಕ್ಕೆ ನೂರು ಕಿ.ಮೀ. ದೊಡ್ಡ ಮಾತಲ್ಲ. ಗಾಡಿ ಒಂದು ದಿನ ನಿಂತರೆ ಅಂದಿನ ಕೂಲಿಯೂ ನಿಂತಂತೆ. ಹೊಸ ಬೈಕಿಗೆ ಮುಂಗಡ ಕೊಡುವ ಮೊದಲು ಇವಿಷ್ಟು ತಿಳಿದಿರಲಿ.

● ದಿನಕ್ಕೆ 100 ಕಿ.ಮೀ.ನಂತೆ 300 ದಿನ ಓಡಿಸಿದರೆ ವರ್ಷಕ್ಕೆ 30,000 ಕಿ.ಮೀ. ಲೀಟರಿಗೆ 60 ಕೊಡುವ ಗಾಡಿಗೆ 500 ಲೀಟರ್ ಪೆಟ್ರೋಲ್ ಸಾಕು. 45 ಕೊಡುವುದಕ್ಕೆ 667 ಲೀಟರ್ ಬೇಕು. ಲೀಟರಿಗೆ ನೂರೇ ರೂಪಾಯಿ ಎಂದಿಟ್ಟುಕೊಂಡರೂ ವರ್ಷಕ್ಕೆ 16,000 ರೂಪಾಯಿಗೂ ಹೆಚ್ಚು ವ್ಯತ್ಯಾಸ. ಶೋರೂಮಿನಲ್ಲಿ ಎರಡು ಸಾವಿರದ ರಿಯಾಯಿತಿಗೆ ಚೌಕಾಸಿ ಮಾಡುವ ಹೊತ್ತಿನಲ್ಲೇ ಈ ಲೆಕ್ಕವನ್ನೂ ಹಾಕಿಬಿಡಬೇಕು.

● ದೇಶದ ಅತಿ ಪ್ರಸಿದ್ಧ ಬೈಕುಗಳಲ್ಲಿ ಒಂದು ತಯಾರಾದದ್ದು ಮೈಸೂರಿನಲ್ಲೇ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. ಮೊದಲು ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರಿನಲ್ಲಿ 1996ರವರೆಗೆ ಅಲ್ಲಿಂದ ಬೈಕುಗಳು ಹೊರಬಂದವು. ಅದರ ಕಿಕ್ಕರ್ ಮತ್ತು ಗೇರ್ ಎರಡೂ ಒಂದೇ ಲಿವರ್: ಮೇಲೆತ್ತಿ ತುಳಿದರೆ ಕಿಕ್, ಮುಂದಕ್ಕೆ ಮಡಿಸಿದರೆ ಗೇರ್. ಆ ಸದ್ದು ಕೇಳಿದರೆ ಇವತ್ತಿಗೂ ಮೈಸೂರಿನವರು ತಿರುಗಿ ನೋಡುತ್ತಾರೆ, ಅದು ನ್ಯಾಯವೇ. ಆದರೆ 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್ನು ಪೆಟ್ರೋಲಿನ ಜೊತೆಗೆ ಆಯಿಲನ್ನೂ ಸುಡುತ್ತಿತ್ತು. ಅದು ಪ್ರೀತಿಯ ಗಾಡಿ, ಹೊಟ್ಟೆಪಾಡಿನ ಗಾಡಿಯಲ್ಲ.

● ಹೊಟ್ಟೆಪಾಡಿನ ಗಾಡಿ ಬಂದದ್ದು 1985ರಲ್ಲಿ, ಹೀರೋ ಹೋಂಡಾ ಸಿಡಿ 100 ರೂಪದಲ್ಲಿ. ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಎಂಬುದು ಅದರ ಜಾಹೀರಾತಿನ ಸಾರ. ಎಂಜಿನ್ 97.2 ಸಿಸಿ, ಫೋರ್ ಸ್ಟ್ರೋಕ್. ಸಿಲಿಂಡರಿನ ಅಗಲ 50 ಮಿ.ಮೀ., ಪಿಸ್ಟನ್ ಓಡಾಟ 49.5 ಮಿ.ಮೀ. ನಲವತ್ತು ವರ್ಷದ ಮೇಲೆ ಇಂದಿನ ಸ್ಪ್ಲೆಂಡರ್ ಪ್ಲಸ್‌ನಲ್ಲೂ ಇದೇ ಅಳತೆ! ಸ್ಪ್ಲೆಂಡರ್ ಬಂದದ್ದು 1994ರಲ್ಲಿ. ಎಚ್‌ಎಫ್ ಡೀಲಕ್ಸ್ ಕೂಡ ಇದೇ ಎಂಜಿನ್ ವಂಶದ್ದು. ಇಷ್ಟು ಕಾಲ ಒಂದೇ ಅಳತೆ ಉಳಿದುಬಂದದ್ದರ ಲಾಭ ನೇರವಾಗಿ ಸವಾರನಿಗೆ. ಈ ಎಂಜಿನ್ ಬಿಚ್ಚಿ ಜೋಡಿಸಲು ಬಾರದ ಮೆಕ್ಯಾನಿಕ್ ಈ ಸೀಮೆಯಲ್ಲಿ ಅಪರೂಪ. ಕ್ಲಚ್ ಪ್ಲೇಟು, ಬ್ರೇಕ್ ಶೂ, ಕೇಬಲ್ಲು ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತವೆ. ನನ್ನ ಮಟ್ಟಿಗೆ ಬೈಕು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಪಿಕಪ್ ಎಷ್ಟು ಎಂಬುದಲ್ಲ. ಮೂಗೂರಿನಂಥ ಹಳ್ಳಿಯ ಹತ್ತಿರ ಕೈಕೊಟ್ಟರೆ ಸಂಜೆಯೊಳಗೆ ಯಾರು ಸರಿಮಾಡಿಕೊಡುತ್ತಾರೆ ಎಂಬುದು.

● ಆ 97.2 ಸಿಸಿಯೇ ಒಮ್ಮೆ ಕರ್ನಾಟಕದಲ್ಲಿ ತಕರಾರಿಗೆ ಸಿಕ್ಕಿತ್ತು. ನೂರು ಸಿಸಿಗಿಂತ ಸಣ್ಣ ಬೈಕಿನಲ್ಲಿ ಹಿಂಬದಿ ಸವಾರ ಕೂರುವಂತಿಲ್ಲ ಎಂಬ ಹಳೆಯ ನಿಯಮವನ್ನು ಹೊಸ ಗಾಡಿಗಳಿಗೆ ಜಾರಿ ಮಾಡಲು 2017ರ ಅಕ್ಟೋಬರಿನಲ್ಲಿ ಸಾರಿಗೆ ಇಲಾಖೆ ಹೊರಟಿತು. ಗಂಡ ಹೆಂಡತಿ ಒಂದೇ ಬೈಕಿನಲ್ಲಿ ಸಂತೆಗೆ ಹೋಗುವ ಲಕ್ಷಾಂತರ ಮನೆಗಳಿಗೆ ಅದು ತಟ್ಟುತ್ತಿತ್ತು. ವಿರೋಧ ಜೋರಾದ ಮೇಲೆ ಸರ್ಕಾರ ಹಿಂದೆ ಸರಿಯಿತು.

● ಐಡಿಯಲ್ ಜಾವಾ ಮುಚ್ಚಿದರೂ ನಮ್ಮ ರಾಜ್ಯದಲ್ಲಿ ಬೈಕು ತಯಾರಿಕೆ ನಿಂತಿಲ್ಲ. ಮೈಸೂರು–ನಂಜನಗೂಡು ರಸ್ತೆಯಲ್ಲಿ ಕಡಕೊಳದ ಬಳಿ ಟಿವಿಎಸ್ ಕಾರ್ಖಾನೆ ಇದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2013ರಿಂದ ಹೋಂಡಾ ಕಾರ್ಖಾನೆ ನಡೆಯುತ್ತಿದೆ.

● ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾದ ಮೋಟಾರು ವಾಹನ ಯಾವುದು? ಕಾರಲ್ಲ. 1958ರಲ್ಲಿ ಜಪಾನಿನಲ್ಲಿ ಹೊರಬಂದ ಹೋಂಡಾ ಸೂಪರ್ ಕಬ್, ಬರೀ 49 ಸಿಸಿಯ ಗಾಡಿ. 2017ರ ಹೊತ್ತಿಗೆ ಅದರ ಸಂಖ್ಯೆ 10 ಕೋಟಿ ದಾಟಿತು. ಹೋಟೆಲಿನ ಹುಡುಗ ಒಂದು ಕೈಯಲ್ಲಿ ಶ್ಯಾವಿಗೆಯ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಓಡಿಸುವಂತಿರಬೇಕು ಎಂಬುದು ಅದನ್ನು ರೂಪಿಸಿದವರ ಆಸೆ. ಅದಕ್ಕೇ ಎಡಗೈಗೆ ಕ್ಲಚ್ಚಿನ ಕೆಲಸವನ್ನೇ ಇಡಲಿಲ್ಲ. ಮನೆ ಬಾಗಿಲಿಗೆ ಊಟ ತಲುಪಿಸುವ ಕೆಲಸ ಆ್ಯಪುಗಳಿಂದ ಹುಟ್ಟಿದ್ದಲ್ಲ.

● ಕ್ಲಚ್ ಹಿಡಿಯುವ ಗೋಜಿಲ್ಲದ ಗಾಡಿ ನಮ್ಮಲ್ಲೂ ಇದೆ: ಟಿವಿಎಸ್ ಎಕ್ಸ್‌ಎಲ್. 1980ರಲ್ಲಿ ಇಬ್ಬರು ಕೂರಬಹುದಾದ ಟಿವಿಎಸ್ 50 ಮೊಪೆಡ್ಡಿನಿಂದ ಶುರುವಾದ ಸಾಲಿನಲ್ಲಿ 2015ರಲ್ಲಿ ಫೋರ್ ಸ್ಟ್ರೋಕ್ ಎಕ್ಸ್‌ಎಲ್ 100 ಬಂತು. ಹಿಂದಿನ ಸೀಟು ಬಿಚ್ಚಿ ಹಾಲಿನ ಕ್ಯಾನು ಕಟ್ಟಬಹುದು, ಕಾಲಿಡುವ ಜಾಗದಲ್ಲಿ ಮೂಟೆ ನಿಲ್ಲಿಸಬಹುದು. ಟಿ. ನರಸೀಪುರದ ಪೇಟೆಯೊಳಗೆ ಹಾಲು, ಸೊಪ್ಪು, ಪೇಪರ್ ಹಾಕುವವರಿಗೆ ಇದಕ್ಕಿಂತ ಹೊಂದುವ ಗಾಡಿ ನನಗೆ ಕಾಣದು. ಮೈಸೂರಿಗೆ ದಿನಾ ಹೋಗಿಬರುವವರು ಮಾತ್ರ ಬೇಡವೆನ್ನಲಿ. ಹೆದ್ದಾರಿ 766ರಲ್ಲಿ ಬಸ್ಸು, ಲಾರಿ ಬೆನ್ನಿಗೆ ಬಂದಾಗ ಪಕ್ಕಕ್ಕೆ ಸರಿದುಕೊಳ್ಳುವಷ್ಟು ವೇಗ ಅದಕ್ಕಿಲ್ಲ.

● ವೇಗ ಎರಡು ಪಟ್ಟಾದರೆ ಎದುರು ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ನಲವತ್ತರಿಂದ ಎಂಬತ್ತಕ್ಕೆ ಏರಿದ ಬೈಕು ಪೆಟ್ರೋಲ್ ಕುಡಿಯುವುದು ಇದಕ್ಕೇ. ಬೆನ್ನ ಹಿಂದೆ ಅಗಲದ ಡೆಲಿವರಿ ಪೆಟ್ಟಿಗೆ ಇದ್ದರೆ ಇನ್ನೂ ಹೆಚ್ಚು.

● ನೂರು ಸಿಸಿಯ ಎಂಜಿನ್ನು ಗಂಟೆಗೆ ಸರಾಸರಿ 30 ಕಿ.ಮೀ.ನಂತೆ 30,000 ಕಿ.ಮೀ. ಓಡಲು 1,000 ಗಂಟೆ ಬೇಕು. ನಿಮಿಷಕ್ಕೆ 4,000 ಸುತ್ತು ಎಂದು ಹಿಡಿದರೆ ವರ್ಷಕ್ಕೆ 24 ಕೋಟಿ ಸುತ್ತು. ಇಷ್ಟನ್ನೂ ಕಾಪಾಡುವುದು ಒಂದು ಲೀಟರಿಗೂ ಕಡಿಮೆ ಆಯಿಲ್. ಕಾರಿಗೆ ಹಾಕುವ ಆಯಿಲನ್ನು ಬೈಕಿಗೆ ಹಾಕಬಾರದು. ಬೈಕಿನಲ್ಲಿ ಎಂಜಿನ್, ಗೇರು, ಕ್ಲಚ್ ಪ್ಲೇಟು ಮೂರೂ ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ. ಕಾರಿನ ಎಷ್ಟೋ ಆಯಿಲುಗಳಲ್ಲಿ ಇರುವ ಜಾರಿಕೆಯ ಅಂಶಕ್ಕೆ ಕ್ಲಚ್ ಜಾರತೊಡಗುತ್ತದೆ. ಡಬ್ಬದ ಮೇಲೆ ಜಾಸೋ ಎಂಎ ಎಂಬ ಗುರುತಿದೆಯೇ ನೋಡಿ ಕೊಳ್ಳಿ. ದಿನವಿಡೀ ಸಿಗ್ನಲ್ಲಿನಲ್ಲಿ ನಿಂತು ಓಡುವ ಗಾಡಿಗೆ ಗಾಳಿಯ ತಂಪು ಸಾಲದು, ಆಯಿಲ್ ಬೇಗ ಸೋಲುತ್ತದೆ. ಪುಸ್ತಕದಲ್ಲಿ ಬರೆದ ಕಿಲೋಮೀಟರಿಗಿಂತ ಸ್ವಲ್ಪ ಮುಂಚೆಯೇ ಬದಲಿಸಿದರೆ ಹೋಗುವುದು ಕೆಲವು ನೂರು ರೂಪಾಯಿ. ಬೋರ್ ಮಾಡಿಸುವ ಖರ್ಚು ಸಾವಿರಗಳಲ್ಲಿ.

● ತಲಕಾಡಿನ ಗಾಡಿಗಳಿಗೆ ಬೇರೆ ಊರುಗಳಿಗಿಲ್ಲದ ಒಂದು ಶತ್ರು ಇದೆ: ಮರಳು. ದೇವಾಲಯಗಳನ್ನೇ ಮುಚ್ಚಿದ ಮರಳು ಚೈನನ್ನು ಬಿಡುತ್ತದೆಯೇ? 2013ರಲ್ಲಿ, 2020ರಲ್ಲಿ ಪಂಚಲಿಂಗ ದರ್ಶನಕ್ಕೆ ಬಂದವರಿಗೂ ಆ ಮರಳಿನ ಪರಿಚಯ ಆಗಿರುತ್ತದೆ. ಎಣ್ಣೆ ಹಚ್ಚಿದ ಚೈನಿಗೆ ಅಂಟಿದ ಸಣ್ಣ ಮರಳು ಪ್ರತಿ ಸುತ್ತಿಗೂ ಕೊಂಡಿಯೊಳಗೆ ಅರೆಯುತ್ತ ಹೋಗುತ್ತದೆ. ಚೈನ್ ಸವೆದಿದೆಯೇ ಎಂದು ತಿಳಿಯಲು ಮೆಕ್ಯಾನಿಕ್ಕನ್ನೇ ಕಾಯಬೇಕಿಲ್ಲ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಹಲ್ಲುಚಕ್ರದ ತುದಿಯಲ್ಲಿ ಚೈನನ್ನು ಬೆರಳಿಂದ ಹಿಂದಕ್ಕೆ ಎಳೆಯಿರಿ. ಹಲ್ಲಿನಿಂದ ಅರ್ಧ ಮೇಲೆದ್ದರೆ ಅದರ ಆಯುಸ್ಸು ಮುಗಿದಿದೆ. ಹಲ್ಲುಗಳು ಕೊಕ್ಕೆಯಂತೆ ಒಂದು ಕಡೆಗೆ ಬಾಗಿದ್ದರೂ ಅಷ್ಟೇ. ಆಗ ಚೈನ್ ಒಂದನ್ನೇ ಬದಲಿಸುವುದು ದಂಡ; ಹಳೆಯ ಹಲ್ಲು ಹೊಸ ಚೈನನ್ನೂ ಬೇಗ ತಿಂದುಹಾಕುತ್ತದೆ. ಮುಂದಿನ ಹಲ್ಲುಚಕ್ರ, ಹಿಂದಿನ ಹಲ್ಲುಚಕ್ರ, ಚೈನು ಮೂರನ್ನೂ ಸೆಟ್ಟಾಗಿಯೇ ಹಾಕಿಸಬೇಕು. ಎಣ್ಣೆ ಬಿಡುವ ಮೊದಲು ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ಬ್ರಷ್ ಅದ್ದಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಕೊಳೆಯ ಮೇಲೆಯೇ ಎಣ್ಣೆ ಸುರಿದರೆ ಮರಳು ಇನ್ನಷ್ಟು ಒಳಗಿಳಿಯುತ್ತದೆ. ನೂರು ಸಿಸಿಯ ಎಷ್ಟೋ ಬೈಕುಗಳಿಗೆ ಕಂಪನಿಯೇ ಚೈನಿಗೆ ಪೂರ್ತಿ ಕವರ್ ಕೊಡುತ್ತದೆ. ಲುಕ್ಕಿಗಾಗಿ ಅದನ್ನು ಕಿತ್ತೆಸೆಯುವ ಹುಡುಗರನ್ನು ಕಂಡಾಗಲೆಲ್ಲ ಬೇಡ ಎಂದು ಹೇಳಬೇಕೆನಿಸುತ್ತದೆ.

● ಏರ್ ಫಿಲ್ಟರಿಗೂ ಇದೇ ಮಾತು. ಕಬ್ಬಿನ ಗಾಡಿಗಳು ಓಡಾಡುವ ಮಣ್ಣಿನ ದಾರಿಯಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ.

● ಆ ಕಬ್ಬಿಗೂ ನಿಮ್ಮ ಟ್ಯಾಂಕಿಗೂ ಈಗ ನಂಟಿದೆ. ಸಕ್ಕರೆ ಕಾರ್ಖಾನೆಗಳ ಕಾಕಂಬಿಯಿಂದ, ಕಬ್ಬಿನ ಹಾಲಿನಿಂದಲೂ ತೆಗೆಯುವ ಎಥನಾಲನ್ನು ಪೆಟ್ರೋಲಿಗೆ ಶೇ 20ರವರೆಗೆ ಬೆರೆಸಲಾಗುತ್ತಿದೆ. ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ, ಹಾಗಾಗಿ ಮೈಲೇಜ್ ತುಸು ಇಳಿಯುವುದು ಸಹಜ. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ಕಾರ್ಬುರೇಟರ್ ಇರುವ ಹಳೆಯ ಗಾಡಿ ಇಟ್ಟುಕೊಂಡವರು ಪೆಟ್ರೋಲ್ ಪೈಪು ಬಿರುಕು ಬಿಟ್ಟಿದೆಯೇ ಎಂದು ಆಗಾಗ ನೋಡುತ್ತಿರಲಿ.

● 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದ ಮೇಲೆ ಸಣ್ಣ ಬೈಕುಗಳಿಗೂ ಫ್ಯೂಯೆಲ್ ಇಂಜೆಕ್ಷನ್ ಬಂತು. ಬೆಳಗಿನ ಚಳಿಯಲ್ಲಿ ಚೋಕ್ ಎಳೆಯುವ ಕಾಲ ಬಹುತೇಕ ಮುಗಿಯಿತು. ಆದರೆ ಪೆಟ್ರೋಲನ್ನು ತಳ್ಳುವ ಪಂಪಿಗೆ ಕರೆಂಟು ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ಕಿಕ್ ಹೊಡೆದರೂ ಗಾಡಿ ಏಳದೆ ಹೋಗಬಹುದು. ಪಂಪು ಟ್ಯಾಂಕಿನೊಳಗೆ ಇರುವ ಗಾಡಿಗಳಲ್ಲಿ ಅದನ್ನು ತಂಪಾಗಿಡುವುದೂ ಪೆಟ್ರೋಲೇ. ದಿನಾ ಐವತ್ತು ರೂಪಾಯಿಯದ್ದಷ್ಟೇ ಹಾಕಿಸಿ ಟ್ಯಾಂಕಿನ ತಳದಲ್ಲೇ ಓಡಿಸುವವರ ಪಂಪು ಬೇಗ ಕೆಡಲು ಇದೂ ಕಾರಣ. 2023ರಲ್ಲಿ ಬಂದ ಹೋಂಡಾ ಶೈನ್ 100ರಲ್ಲಿ ಪಂಪನ್ನು ಟ್ಯಾಂಕಿನ ಹೊರಗೇ ಇಟ್ಟಿದ್ದಾರೆ.

● ಹಿಂದಿನ ಬ್ರೇಕ್ ತುಳಿದರೆ ಮುಂದಿನದೂ ಹಿಡಿಯುವ ವ್ಯವಸ್ಥೆ 125 ಸಿಸಿವರೆಗಿನ ಬೈಕುಗಳಿಗೆ 2019ರ ಏಪ್ರಿಲಿನಿಂದ ಕಡ್ಡಾಯವಾಯಿತು. ಸರ್ವೀಸಿಗೆ ಬಿಟ್ಟಾಗ ಅದರ ಕೇಬಲ್ ಸಡಿಲ ಮಾಡಿಸಬೇಡಿ.

● ಸೆಕೆಂಡ್ ಹ್ಯಾಂಡ್ ಗಾಡಿಯ ಮೀಟರನ್ನು ತಿರುಗಿಸಬಹುದು, ಬ್ರೇಕ್ ಪೆಡಲನ್ನು ಸವೆಯದಂತೆ ಮಾಡಲಾಗದು. ಮೀಟರ್ 18,000 ತೋರಿಸುತ್ತ, ಕಾಲಿಡುವ ರಬ್ಬರು ನುಣುಪಾಗಿ, ಗೇರ್ ಲಿವರಿನ ತುದಿ ಬೆಳ್ಳಗಾಗಿದ್ದರೆ ಅನುಮಾನಪಡಿ. ಎಂಜಿನ್ ತಣ್ಣಗಿರುವಾಗಲೇ ನೀವೇ ಸ್ಟಾರ್ಟ್ ಮಾಡಿ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರು ಉಳಿದಿದ್ದರೆ ಸಾಲ ತೀರಿದ ಪತ್ರ ಕೈಗೆ ಬರುವವರೆಗೂ ಹಣ ಕೊಡಬೇಡಿ.

● ಕೊನೆಯದು ಕಾಗದದ ವಿಷಯವಾದರೂ ನನಗೆ ಎಲ್ಲಕ್ಕಿಂತ ಮುಖ್ಯ. ಇನ್ಶೂರೆನ್ಸಿನ ಜೊತೆ ಬರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಸಲ್ಲುವುದು ಆರ್‌ಸಿಯಲ್ಲಿ ಹೆಸರಿರುವ ಮಾಲೀಕನೇ ಲೈಸೆನ್ಸ್ ಇಟ್ಟುಕೊಂಡು ಓಡಿಸುತ್ತಿದ್ದಾಗ ಮಾತ್ರ. ಗಾಡಿ ಅಪ್ಪನ ಹೆಸರಿನಲ್ಲಿ, ದಿನವಿಡೀ ಓಡಿಸುವವನು ಮಗ ಎಂಬ ಏರ್ಪಾಡು ನಮ್ಮ ಹಳ್ಳಿಗಳಲ್ಲಿ ಮನೆಮನೆಯಲ್ಲೂ ಇದೆ. ಅಂಥ ಮಗನಿಗೆ ಏನಾದರೂ ಆದರೆ ಆ 15 ಲಕ್ಷ ಮನೆಗೆ ಬರುವುದಿಲ್ಲ. ಗಾಡಿಯನ್ನು ಓಡಿಸುವವನ ಹೆಸರಿಗೇ ಮಾಡಿಸಿ, ಇಲ್ಲವೇ ಅವನ ಹೆಸರಿನಲ್ಲಿ ಬೇರೆ ಅಪಘಾತ ವಿಮೆ ಮಾಡಿಸಿ. ಶೋರೂಮಿನಲ್ಲಿ ಫಾರಂ ತುಂಬುವಾಗಲೇ ಇದನ್ನು ಬಾಯಿಬಿಟ್ಟು ಕೇಳಿ.