ಫೋನಿನಾಚೆಯ ಆಪ್ತಸಮಾಲೋಚನೆ: ಯಾದಗಿರಿ, ಶಹಾಪುರ, ಸುರಪುರದ ತಂದೆತಾಯಂದಿರ ನೆಲೆಯಿಂದ

ಕಲಬುರಗಿಯಿಂದ ಬೇರ್ಪಟ್ಟು 2009ರ ಕೊನೆಯಲ್ಲಿ ರೂಪುಗೊಂಡ ಯಾದಗಿರಿ ಜಿಲ್ಲೆಯ ಸಾಕ್ಷರತೆ, 2011ರ ಜನಗಣತಿಯ ಪ್ರಕಾರ, ಶೇ 52ರಷ್ಟಿದ್ದು ಅದು ರಾಜ್ಯದಲ್ಲೇ ಅತ್ಯಂತ ಕಡಿಮೆ. ಇಂಥ ಜಿಲ್ಲೆಯ ತಂದೆತಾಯಂದಿರಿಗೆ ಆನ್‌ಲೈನ್ ಮನೋಚಿಕಿತ್ಸೆ ಎಂದೊಡನೆ ಅದು ಬೆಂಗಳೂರಿನ ಐಟಿ ನೌಕರರ ಮಾತಾಯಿತೆಂದು ಅನ್ನಿಸುವುದು ಸಹಜವಾದರೂ, ತಜ್ಞರು ದೂರದಲ್ಲಿರುವ, ಶಹಾಪುರ ಮತ್ತು ಸುರಪುರ ಪಟ್ಟಣಗಳಿಗೆ ರೈಲೂ ಇಲ್ಲದ, ಒಂದು ದಿನ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ತಪ್ಪುವ ಪ್ರದೇಶಕ್ಕೇ ದೂರದಿಂದ ದೊರೆಯುವ ನೆರವು ಹೆಚ್ಚು ಬೇಕಾಗಿದೆ.

ಇಲ್ಲಿನ ಪೋಷಕರ ಒತ್ತಡದ ಮೂಲಗಳಲ್ಲಿ ಗುಳೆ ಮುಖ್ಯವಾದುದು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಕಂಡ ಶಹಾಪುರ, ಸುರಪುರ ಸೀಮೆಯ ಹೊಲಗಳಲ್ಲಿ ಭತ್ತ ಬೆಳೆಯುತ್ತದೆಯಾದರೂ, ಮಳೆಯನ್ನೇ ನಂಬಿ ತೊಗರಿ, ಹತ್ತಿ ಬೆಳೆಯುವ ಹಳ್ಳಿಗಳಿಂದ ಮತ್ತು ತಾಂಡಾಗಳಿಂದ ಜನ ಹೊಲದ ಕೆಲಸ ತೀರಿದ ಮೇಲೆ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಹೋದರೆ ಅವರ ಊಟ, ಶಾಲೆ, ಜ್ವರಗಳ ಚಿಂತೆ ಕೆಲಸದ ಜಾಗದ ತಗಡಿನ ಶೆಡ್ಡಿನವರೆಗೂ ಬೆನ್ನು ಬಿಡುವುದಿಲ್ಲ. ಕರೆದುಕೊಂಡು ಹೋದರೆ ವರ್ಷದ ಪಾಠ ತಪ್ಪುತ್ತದೆ. ಎರಡರಲ್ಲಿ ಯಾವುದನ್ನು ಆಯ್ದುಕೊಂಡರೂ ತಪ್ಪು ಮಾಡಿದೆವೆಂಬ ಭಾವನೆ ಉಳಿಯುವ ಈ ಇಕ್ಕಟ್ಟಿನ ಮೇಲೆ ಸಾಲ, ಬೆಳೆಯ ದರ, ಮಗಳ ಮದುವೆ, ಗಂಡನ ಕುಡಿತಗಳು ಸೇರಿಕೊಳ್ಳುತ್ತವೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆ ರಾಜ್ಯದಲ್ಲೇ ಕೊನೆಯ ಸ್ಥಾನಕ್ಕಿಳಿದಾಗ ಚರ್ಚೆಯೆಲ್ಲ ಶಿಕ್ಷಕರು ಮತ್ತು ಅಧಿಕಾರಿಗಳ ಸುತ್ತಲೇ ನಡೆಯಿತೇ ಹೊರತು, ಅನುತ್ತೀರ್ಣನಾದ ಮಗನನ್ನು ಮರುಪರೀಕ್ಷೆಗೆ ಕೂರಿಸಬೇಕೋ ಕೆಲಸಕ್ಕೆ ಕಳಿಸಬೇಕೋ ಎಂದು ರಾತ್ರಿಯಿಡೀ ಯೋಚಿಸುವ ತಂದೆತಾಯಿಯ ಕಡೆಗೆ ಹೊರಳಿದ್ದು ಅಪರೂಪ.

ಬದುಕಿನಲ್ಲಿ ದೊಡ್ಡ ಬದಲಾವಣೆಯೊಂದು ಬಂದ ಕೆಲವು ವಾರಗಳೊಳಗೆ ನಿದ್ರೆ, ಹಸಿವು, ಕೆಲಸದ ಆಸಕ್ತಿ ಕುಂದಿ, ಆ ಸಂಕಟ ಘಟನೆಯ ತೂಕವನ್ನೂ ಮೀರಿ ದಿನನಿತ್ಯದ ಬಾಳನ್ನು ಕೆಡಿಸತೊಡಗಿದರೆ ಮನೋವೈದ್ಯರು ಅದನ್ನು ಹೊಂದಾಣಿಕೆಯ ತೊಂದರೆ ಎಂದು ಗುರುತಿಸುತ್ತಾರೆ. ಇದು ಖಿನ್ನತೆಯಷ್ಟು ತೀವ್ರವಲ್ಲ, ಆದರೆ ಕೈಬಿಟ್ಟರೆ ಖಿನ್ನತೆಗೆ ದಾರಿ ಮಾಡಿಕೊಡಬಲ್ಲುದು. ಈ ಭಾಗದಲ್ಲಿ ಅದು ಮನಸ್ಸಿನ ದೂರಾಗಿ ಬರುವುದಕ್ಕಿಂತ ಮೈಯ ದೂರಾಗಿ ಬರುವುದೇ ಹೆಚ್ಚು. “ತಲಿ ತಿರಗತದ್ರಿ, ಕೈಕಾಲು ಹರೀತಾವ, ನಿದ್ದಿನೇ ಬರಂಗಿಲ್ಲ” ಎಂದು ಹೇಳಿಕೊಳ್ಳುವ ತಾಯಿಗೆ ಸೂಜಿ ಮತ್ತು ಶಕ್ತಿಯ ಮಾತ್ರೆ ಸಿಗುತ್ತವೆ, ಇಲ್ಲವೇ ಸೋಕು ತಗುಲಿದೆಯೆಂದು ಮನೆಯವರು ಗುಡಿಗೋ ದರ್ಗಾಕ್ಕೋ ಕರೆದೊಯ್ಯುತ್ತಾರೆ. ಅಲ್ಲಿ ಸಿಗುವ ಸಮಾಧಾನವನ್ನು ಅಲ್ಲಗಳೆಯಬೇಕಿಲ್ಲ, ಆದರೆ ಅದರ ಜೊತೆಗೇ ಚಿಕಿತ್ಸೆಯೂ ನಡೆಯಬಹುದೆಂಬುದನ್ನು ಹೇಳುವವರು ಕಡಿಮೆ.

ಫೋನಿನಲ್ಲಿ ನಡೆಯುವ ಚಿಕಿತ್ಸೆಯೆಂದರೆ ಬರೀ ಧೈರ್ಯ ಹೇಳುವುದಲ್ಲ. ಚಟುವಟಿಕೆಯ ಮೂಲಕ ಚೇತರಿಕೆ ಎನ್ನಬಹುದಾದ ವಿಧಾನದಲ್ಲಿ ಸಮಾಲೋಚಕರು ತಾಯಿಯ ಒಂದು ದಿನವನ್ನು ಗಂಟೆಗಂಟೆಯಾಗಿ ಕೇಳುತ್ತಾರೆ: ಎದ್ದದ್ದು ಎಷ್ಟಕ್ಕೆ, ರೊಟ್ಟಿ ತಟ್ಟುವಾಗ ಮನಸ್ಸು ಎಲ್ಲಿತ್ತು, ನೆರೆಮನೆಗೆ ಹೋಗುವುದನ್ನು ಬಿಟ್ಟದ್ದು ಯಾವಾಗಿನಿಂದ, ಊರಿನಲ್ಲಿ ಬಿಟ್ಟ ಮಗಳೊಡನೆ ಮಾತಾಡಿದ ಮೇಲೆ ಅಳು ಬಂತೇ ಹಗುರವಾಯಿತೇ. ಆಮೇಲೆ ದೊಡ್ಡ ಉಪದೇಶ ಮಾಡದೆ, ಕೈಬಿಟ್ಟುಹೋದ ಒಂದೆರಡು ಸಣ್ಣ ಕೆಲಸಗಳನ್ನು ಮುಂದಿನ ಕರೆಯೊಳಗೆ ಮತ್ತೆ ಶುರುಮಾಡಲು ಒಪ್ಪಿಸಿ, ಮುಂದಿನ ಸಲ ಅಲ್ಲಿಂದಲೇ ಮಾತು ಮುಂದುವರಿಸುತ್ತಾರೆ. ಆಲೋಚನೆಯ ಜಾಡನ್ನು ತಿದ್ದುವ ಇನ್ನೊಂದು ವಿಧಾನದಲ್ಲಿ “ಮಗ ಫೇಲಾದದ್ದು ನನ್ನಿಂದಲೇ” ಎಂಬಂಥ ನಂಬಿಕೆಯನ್ನು ಎತ್ತಿಕೊಂಡು, ಅದಕ್ಕೆ ಆಧಾರವೆಷ್ಟು, ವಿರುದ್ಧವಾದ ಸಂಗತಿಗಳೆಷ್ಟು ಎಂದು ಆಕೆಯೇ ತೂಗುವಂತೆ ಮಾಡಲಾಗುತ್ತದೆ.

ಇದರ ಫಲವನ್ನು ಅಳೆದು ನೋಡಿದ ಅಧ್ಯಯನಗಳಿವೆ. ಶಿಕಾಗೋದಲ್ಲಿ ಖಿನ್ನತೆಯಿದ್ದ 325 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎದುರು ಕೂತು ಚಿಕಿತ್ಸೆ ಪಡೆದವರಲ್ಲಿ ಸುಮಾರು ಶೇ 33ರಷ್ಟು ಮಂದಿ ನಡುವೆಯೇ ಬಿಟ್ಟುಹೋದರೆ ಫೋನಿನಲ್ಲಿ ಪಡೆದವರಲ್ಲಿ ಬಿಟ್ಟವರು ಶೇ 21 ಮಾತ್ರ; ಚಿಕಿತ್ಸೆ ಮುಗಿದಾಗ ಎರಡೂ ಗುಂಪಿನವರ ಸ್ಥಿತಿ ಸಮನಾಗಿತ್ತು, ಆದರೆ ಆರು ತಿಂಗಳ ಬಳಿಕ ಎದುರು ಕೂತವರೇ ತುಸು ಮೇಲಿದ್ದರು. ಯಾದಗಿರಿಗೆ ಇದಕ್ಕಿಂತ ಹತ್ತಿರವಾದುದು ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ನಡೆದ ಪ್ರಯೋಗ. 2008ರಲ್ಲಿ ವರದಿಯಾದ ಅದರಲ್ಲಿ, ಮನೋವೈದ್ಯರಲ್ಲದ, ನಮ್ಮ ಆಶಾ ಕಾರ್ಯಕರ್ತೆಯರನ್ನು ಹೋಲುವ ಆರೋಗ್ಯ ಕಾರ್ಯಕರ್ತೆಯರೇ ತರಬೇತಿ ಪಡೆದು ಖಿನ್ನ ತಾಯಂದಿರ ಮನೆಗೆ ಹೋಗಿ ಇಂಥ ಚಿಕಿತ್ಸೆ ನೀಡಿದರು. ಹೆರಿಗೆಯಾದ ಆರು ತಿಂಗಳಿಗೆ ಈ ಚಿಕಿತ್ಸೆ ಪಡೆದವರಲ್ಲಿ ಖಿನ್ನತೆ ಉಳಿದದ್ದು ಶೇ 23ರಷ್ಟು ತಾಯಂದಿರಲ್ಲಿ, ಸಾಮಾನ್ಯ ಭೇಟಿಯಷ್ಟೇ ದೊರೆತವರಲ್ಲಿ ಶೇ 53ರಷ್ಟು. ಓದು ಬಾರದಿರುವುದು ಈ ಬಗೆಯ ಚಿಕಿತ್ಸೆಗೆ ಅಡ್ಡಿಯಾಗಬೇಕಿಲ್ಲವೆಂಬ ಸೂಚನೆ ಇದರಲ್ಲಿದೆ.

ನಮ್ಮಲ್ಲಿ ಈ ನೆರವಿಗಿರುವ ಸರ್ಕಾರಿ ಬಾಗಿಲು ಟೆಲಿ-ಮಾನಸ್. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ ಆರಂಭವಾದ ಈ ಸೇವೆಯಲ್ಲಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಿ ಪಡೆದ ಸಮಾಲೋಚಕರು ಕೇಳಿಸಿಕೊಳ್ಳುತ್ತಾರೆ. ಅವರ ಕೈಮೀರಿದ್ದಾದರೆ ಕರೆ ತಜ್ಞರಿಗೆ ಹೋಗುತ್ತದೆ. ಮುಖತಃ ನೋಡಲೇಬೇಕಾದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರ ಬಳಿಗೆ ಕಳಿಸಲಾಗುತ್ತದೆ. ಆದರೆ ಲಂಬಾಣಿಯನ್ನೇ ಮನೆಮಾತಾಗಿ ಉಳ್ಳ ತಾಂಡಾದ ಹಿರಿಯ ತಾಯಿಯೊಬ್ಬಳು ತನ್ನ ಸಂಕಟವನ್ನು ಕನ್ನಡಕ್ಕೆ ಹೊರಳಿಸಿಯೇ ಹೇಳಬೇಕಾಗಿರುವುದು ಸಣ್ಣ ಕೊರತೆಯಲ್ಲ.

ನಿಜವಾದ ತೊಡಕು ದೂರದ್ದಲ್ಲ, ಗುಟ್ಟಿನದು. ಮನೆಗಿರುವ ಒಂದೇ ಸ್ಮಾರ್ಟ್‌ಫೋನ್ ಗಂಡನ ಕಿಸೆಯಲ್ಲೋ ಮಗನ ಕೈಯಲ್ಲೋ ಇದ್ದು, ಅತ್ತೆಯೂ ಮಕ್ಕಳೂ ಒಂದೇ ಕೋಣೆಯಲ್ಲಿರುವಾಗ, ಗಂಡನ ಕುಡಿತದ ಬಗ್ಗೆಯೋ ಅತ್ತೆಯ ಮಾತಿನ ಬಗ್ಗೆಯೋ ಸೊಸೆ ಹೇಳಿಕೊಳ್ಳುವುದಾದರೂ ಹೇಗೆ? ವಿಡಿಯೋ ಕರೆ ಇಲ್ಲಿ ಅನುಕೂಲಕ್ಕಿಂತ ಮುಜುಗರವನ್ನೇ ತರುತ್ತದೆ. ಕೀಲಿಗಳ ಸಾದಾ ಫೋನು ಹಿಡಿದು ಮಾಳಿಗೆ ಹತ್ತಿ, ಕಾಳು ಒಣಹಾಕುವ ನೆಪದಲ್ಲಿ ಆಡುವ ಹತ್ತು ನಿಮಿಷದ ಮಾತು ಹೆಚ್ಚು ಸುರಕ್ಷಿತ. ಅಲ್ಲಿ ನೆಟ್‌ವರ್ಕೂ ಚೆನ್ನಾಗಿ ಸಿಗುತ್ತದೆ. ವಾಪಸ್ ಕರೆ ಯಾವ ಹೊತ್ತಿಗೆ ಬರಬೇಕು, ಬೇರೆಯವರು ಎತ್ತಿದರೆ ಏನು ಹೇಳಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಚಿಕಿತ್ಸೆಯ ಭಾಗವೇ ಆಗಬೇಕು. ಆನ್‌ಲೈನ್ ಸೇವೆಗಳನ್ನು ರೂಪಿಸುವವರು ಸ್ವಂತ ಕೋಣೆಯುಳ್ಳ ರೋಗಿಯನ್ನೇ ಕಲ್ಪಿಸಿಕೊಂಡಿರುವಂತೆ ತೋರುತ್ತದೆ.

ಮಾತಿಗೆ ಮೀರಿ ಮಾತ್ರೆ ಬೇಕಾದಾಗ ನಿಯಮವೂ ಅಡ್ಡ ಬರುತ್ತದೆ. 2020ರ ಮಾರ್ಚಿನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಮನೋವೈದ್ಯರ ಔಷಧಗಳನ್ನು ಬರೀ ದನಿಯ ಕರೆಯ ಮೇಲೆ ಮೊದಲ ಬಾರಿಗೆ ಬರೆಯುವಂತಿಲ್ಲ, ರೋಗಿಯನ್ನು ವಿಡಿಯೋದಲ್ಲಾದರೂ ನೋಡಿರಬೇಕು. ಆಗ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ ನೆರವಿಗೆ ಬರುತ್ತದೆ. ಖಾಸಗಿ ಆ್ಯಪ್‌ಗಳ ಮೂಲಕ ದುಡ್ಡು ಕೊಟ್ಟು ಚಿಕಿತ್ಸೆ ಪಡೆಯುವವರು, ಎದುರಿನವರು ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಂಡರೆ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಕೇಳಲು ಸಂಕೋಚಪಡಬೇಕಿಲ್ಲ. ಸಾಯಬೇಕೆಂಬ ಮಾತು ಮನೆಯಲ್ಲಿ ಕೇಳಿಬಂದಾಗಲಂತೂ ಮುಂದಿನ ಕರೆಯ ದಿನಕ್ಕೆ ಕಾಯದೆ, ಹತ್ತಿಗೆ ತಂದ ಕೀಟನಾಶಕವನ್ನು ಮನೆಯಿಂದ ಆಚೆ ಸಾಗಿಸಿ, ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸುವುದರಿಂದ, ಪೊಲೀಸ್ ಕೇಸಿನ ಭಯದಿಂದ ಅವರನ್ನು ಮನೆಯಲ್ಲೇ ಮುಚ್ಚಿಡಲು ಕಾರಣವಿಲ್ಲ.