ಟ್ಯಾಪೆಟ್ ಬಾಯಿ ಮುಚ್ಚಿಸಬೇಡಿ

"ಟ್ಯಾಪೆಟ್ ಸೌಂಡ್ ಬರ್ತಿದೆ ಅಣ್ಣ, ಸ್ವಲ್ಪ ಟೈಟ್ ಮಾಡಿಬಿಡಿ." ಯಾವ ಗ್ಯಾರೇಜಿನ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಆಗಷ್ಟೇ ಓಡಿ ಬಂದ ಬಿಸಿ ಎಂಜಿನ್ನಿನ ಮುಚ್ಚಳ ಬಿಚ್ಚಿ, ಗ್ಯಾಪ್ ಅಳೆಯುವ ಫೀಲರ್ ಗೇಜ್ ಮುಟ್ಟದೆ, ಕಿವಿಯ ಅಂದಾಜಿನಲ್ಲೇ ಸ್ಕ್ರೂ ತಿರುವುತ್ತಾರೆ. ಸದ್ದು ನಿಲ್ಲುತ್ತದೆ. ಗಿರಾಕಿಗೆ ಖುಷಿ. ಎಂಜಿನ್ನಿಗೆ ಗ್ರಹಚಾರ.

ಸದ್ದಿಲ್ಲದ ಟ್ಯಾಪೆಟ್ಟೇ ಒಳ್ಳೆಯ ಟ್ಯಾಪೆಟ್ ಎಂದು ಇವರಿಗೆ ಯಾರು ಹೇಳಿಕೊಟ್ಟರೋ! ಸ್ಕ್ರೂ ಟ್ಯಾಪೆಟ್ಟಿನಲ್ಲಿ ವಾಲ್ವಿಗೂ ಅದನ್ನು ಒತ್ತುವ ರಾಕರ್‌ಗೂ ನಡುವೆ ಗ್ಯಾಪ್ ಬಿಡುವುದೇ ವಾಲ್ವ್ ಪೂರ್ತಿ ಮುಚ್ಚಿಕೊಳ್ಳಲಿ ಎಂದು. ಎಕ್ಸಾಸ್ಟ್ ವಾಲ್ವಿನ ಕಾವಿನಲ್ಲಿ ಹೆಚ್ಚಿನ ಪಾಲು ಇಳಿದುಹೋಗುವುದು ಅದು ಸೀಟಿಗೆ ಒತ್ತಿಕೊಂಡು ಕೂತಾಗ. ಗ್ಯಾಪ್ ಸಾಲದಿದ್ದರೆ ಕಾದು ಉದ್ದವಾದ ವಾಲ್ವ್ ಸೀಟಿನ ಮೇಲೆ ಸರಿಯಾಗಿ ಕೂರುವುದೇ ಇಲ್ಲ. ಕಾವಿಗೆ ಇಳಿಯಲು ದಾರಿಯಿಲ್ಲ. ಸಾಲದ್ದಕ್ಕೆ ಉರಿಯುವ ಗ್ಯಾಸ್ ಅದೇ ಸಂದಿಯಲ್ಲಿ ನುಗ್ಗಿ ಅಂಚನ್ನು ಸುಡುತ್ತದೆ. ಮೊದಲು ಬಿಸಿಯಲ್ಲಿ ಸ್ಟಾರ್ಟಿಂಗ್ ತಕರಾರು, ಆಮೇಲೆ ಪಿಕಪ್ ಇಲ್ಲ, ಕೊನೆಗೆ ಹೆಡ್ ಇಳಿಸಿ ಹೊಸ ವಾಲ್ವ್. ಅಷ್ಟು ಹೊತ್ತಿಗೆ ಟೈಟ್ ಮಾಡಿಸಿದ್ದು ಯಾರಿಗೆ ನೆನಪಿರುತ್ತದೆ? ಪೆಟ್ರೋಲ್ ಸರಿಯಿಲ್ಲ ಎಂದು ಬಂಕಿನವನನ್ನು ಬೈಯುತ್ತಾರೆ.

ಬೆಂಗಳೂರಿನ ಎಲ್‌ಪಿಜಿ ಆಟೊಗಳದ್ದು ಇನ್ನೂ ತಮಾಷೆ. ಒಣ ಇಂಧನದಲ್ಲಿ ಸೀಟು ಬೇಗ ಸವೆಯುತ್ತದೆ. ವಾಲ್ವ್ ಒಳಕ್ಕೆ ಕುಸಿದಷ್ಟೂ ಗ್ಯಾಪ್ ತಾನಾಗಿ ಕಿರಿದಾಗುತ್ತದೆ, ಸದ್ದೂ ಇಳಿಯುತ್ತದೆ. "ಗಾಡಿ ಈಗ ಬೆಣ್ಣೆ ಥರ ಓಡ್ತಿದೆ" ಎನ್ನುವ ಹೊತ್ತಿಗೇ ವಾಲ್ವ್ ಸುಡತೊಡಗಿರುತ್ತದೆ.

ಹಾಗಂತ ಗ್ಯಾಪ್ ಎಷ್ಟಾದರೂ ಇರಲಿ ಎಂದಲ್ಲ. ಹೆಚ್ಚಾದರೆ ರಾಕರ್ ಬಡಿದು ಸವೆಯುತ್ತದೆ, ವಾಲ್ವ್ ತೆರೆಯುವುದೂ ಕಡಿಮೆಯಾಗುತ್ತದೆ. ಆದರೆ ಸಡಿಲವಾದದ್ದು ಕೂಗಿ ಹೇಳುತ್ತದೆ. ಬಿಗಿಯಾದದ್ದು ಬಾಯಿ ಬಿಡದೆ ಕೊಲ್ಲುತ್ತದೆ.

ಸೆಟ್ ಮಾಡುವುದು ಬ್ರಹ್ಮವಿದ್ಯೆಯೇನಲ್ಲ. ಮ್ಯಾನ್ಯುಯಲ್ ತಣ್ಣಗಿನ ಅಳತೆ ಕೊಟ್ಟಿದ್ದರೆ ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಪಿಸ್ಟನ್ ಕಂಪ್ರೆಷನ್ನಿನ ತುದಿಯಲ್ಲಿರಬೇಕು. ಗೇಜಿನ ಎಲೆ ತುಸು ಹಿಡಿದುಕೊಂಡೇ ಜಾರಬೇಕು. ಲಾಕ್‌ನಟ್ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಬೇಕು, ಏಕೆಂದರೆ ನಟ್ ಸ್ಕ್ರೂವನ್ನೂ ಜೊತೆಗೆ ಎಳೆದುಕೊಂಡು ತಿರುಗುತ್ತದೆ. ಈ ಕೊನೆಯ ಅಳತೆಯನ್ನೇ ಎಲ್ಲರೂ ನುಂಗಿಹಾಕುವುದು. ಹಳೆಯ ಎರಕದ ಎಂಜಿನ್ನಿನ ಬುಲೆಟ್ಟಿಗೂ, ತಣ್ಣಗಿದ್ದಾಗ ಪುಶ್‌ರಾಡ್ ಮೇಲೆ ಕೆಳಗೆ ಆಡಬಾರದು, ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು ಎಂಬುದೇ ನಿಯಮ. ಬಿಗಿ ಎಂದು ಯಾರೂ ಹೇಳಿಲ್ಲ.

ಉಳಿದ ನಂಬಿಕೆಗಳಿಗೆ ಒಂದೆರಡು ಮಾತು ಸಾಕು.

"ನನ್ನ ಕ್ಲಾಸಿಕ್ 500ಕ್ಕೂ ಟ್ಯಾಪೆಟ್ ಸೆಟ್ ಮಾಡಿ." 2009ರಲ್ಲಿ ಬಂದ ಆ ಗಾಡಿಯದ್ದು ಹೈಡ್ರಾಲಿಕ್ ಟ್ಯಾಪೆಟ್, ಆಯಿಲ್ಲೇ ಗ್ಯಾಪನ್ನು ತುಂಬುತ್ತದೆ, ತಿರುವಲು ಸ್ಕ್ರೂವೇ ಇಲ್ಲ. ಬೆಳಿಗ್ಗೆ ಕೆಲವು ಸೆಕೆಂಡ್ ಟಿಕ್‌ಟಿಕ್ ಎಂದರೆ ಗಾಬರಿ ಬೇಡ. ನಿಲ್ಲದಿದ್ದರೆ ಆಯಿಲ್ ಮಟ್ಟ ನೋಡಿ. ದಪ್ಪ ಆಯಿಲ್ ಸುರಿದರೆ ಅದು ಮೇಲೇರುವುದು ಇನ್ನೂ ತಡ.

"ಹೈಡ್ರಾಲಿಕ್ ಅಂದಮೇಲೆ ಎಂದೂ ಮುಟ್ಟುವ ಹಾಗಿಲ್ಲ." ಸ್ಕ್ರೂ ರಾಕರ್ ಇರುವ ಅಮೆರಿಕದ ಪುಶ್‌ರಾಡ್ ವಿ8 ಎಂಜಿನ್ ಜೋಡಿಸುವಾಗ ಗ್ಯಾಪನ್ನು ಸೊನ್ನೆಗೆ ತಂದು, ಮೇಲೆ ಇನ್ನಷ್ಟು ತಿರುವಿ ಟ್ಯಾಪೆಟ್ಟಿನೊಳಗಿನ ಪ್ಲಂಜರನ್ನು ಒತ್ತಿಡುತ್ತಾರೆ.

"ರೋಲರ್ ಅಂದರೆ ಹೈಡ್ರಾಲಿಕ್." ಅಲ್ಲ. ರೋಲರ್ ಎಂಬುದು ಕ್ಯಾಮ್ ಮೇಲೆ ಉರುಳುವ ಗಾಲಿ ಮಾತ್ರ. ಸಾಲಿಡ್ ಟ್ಯಾಪೆಟ್ಟಿಗೂ ಅದು ಇರುತ್ತದೆ.

"ಸ್ಕ್ರೂ ಟ್ಯಾಪೆಟ್ ಓಬೀರಾಯನ ಕಾಲದ್ದು." 2020ರ ಮೀಟಿಯರ್ 350ಯಲ್ಲಿ ರಾಯಲ್ ಎನ್‌ಫೀಲ್ಡ್ ಮರಳಿ ಹೋಗಿದ್ದು ಸ್ಕ್ರೂಗೇ.

ಸದ್ದು ನಿಂತರೆ ರೋಗ ವಾಸಿಯಾಯಿತು ಎಂದು ನಂಬುವುದು ನಮ್ಮ ಜನರ ದೊಡ್ಡ ಚಟ. ಸೆಕೆಂಡ್ ಹ್ಯಾಂಡ್ ಗಾಡಿ ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಮಾರುವ ಮುನ್ನ ಟ್ಯಾಪೆಟ್ ಬಿಗಿದುಬಿಡುತ್ತಾರೆ. ಚಿನ್ನ ಕೊಳ್ಳುವಾಗ ಮಿಲಿಗ್ರಾಂ ಲೆಕ್ಕ ಹಿಡಿಯುವ ನಾವು, ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಅಳೆಯಬೇಕಾದ ಗ್ಯಾಪನ್ನು ಒಬ್ಬ ಕಿವಿಯಲ್ಲಿ ಅಳೆದರೂ ತಲೆಯಾಡಿಸಿ ದುಡ್ಡು ಕೊಟ್ಟು ಬರುತ್ತೇವೆ. ಮುಂದಿನ ಸಲ ಮುಚ್ಚಳಕ್ಕೆ ಸ್ಪ್ಯಾನರ್ ಹಾಕುವ ಮೊದಲೇ ಫೀಲರ್ ಗೇಜ್ ಎಲ್ಲಿ ಎಂದು ಕೇಳಿ. ಇಲ್ಲ ಎಂದರೆ ಗಾಡಿ ಸದ್ದು ಮಾಡುತ್ತಲೇ ಮನೆಗೆ ಬರಲಿ.