ಬೀಜ ಬೆಳೆದ ನೆಲದಲ್ಲೇ ಒಡೆಯಲಿ: ಆಫ್ರಿಕದ ಗೇರು ಮತ್ತು ಕೈಗಾರಿಕಾ ನೀತಿ

ಜಗತ್ತಿನಲ್ಲಿ ಬೆಳೆಯುವ ಗೇರುಬೀಜದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆಫ್ರಿಕದ್ದು. ಆದರೆ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ ಅಂಕ್ಟಾಡ್ 2021ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಆ ಬೀಜದಲ್ಲಿ ಶೇ. 15ರಷ್ಟು ಕೂಡ ಆಫ್ರಿಕದೊಳಗೆ ಒಡೆಯುತ್ತಿರಲಿಲ್ಲ. ಉಳಿದದ್ದು ಸಿಪ್ಪೆ ಸಮೇತ ಗೋಣಿಚೀಲದಲ್ಲಿ ಹಡಗೇರಿ ಭಾರತಕ್ಕೆ ಮತ್ತು ವಿಯೆಟ್ನಾಂಗೆ ಹೋಗುತ್ತಿತ್ತು. ಮಂಗಳೂರಿನಲ್ಲಿ 1920ರ ದಶಕದಲ್ಲೇ ಗೇರುಬೀಜ ಕಾರ್ಖಾನೆಗಳು ತಲೆಯೆತ್ತಿದವು. ಆದರೆ ಕರಾವಳಿಯ ಗುಡ್ಡಗಳ ಫಸಲು ಅವಕ್ಕೆ ವರ್ಷವಿಡೀ ಸಾಲುವುದಿಲ್ಲ. ನಮ್ಮಲ್ಲಿ ಮಾರ್ಚಿನಿಂದ ಮೇ ತಿಂಗಳವರೆಗೆ ಬೀಜ ಬಿದ್ದರೆ, ಪೂರ್ವ ಆಫ್ರಿಕದಲ್ಲಿ ಅಕ್ಟೋಬರ್ ಹೊತ್ತಿಗೆ ಕೊಯ್ಲು ಶುರುವಾಗುತ್ತದೆ. ಆ ಬೀಜ ಬಂದರೆ ಇಲ್ಲಿನ ಕಾರ್ಖಾನೆಗಳಿಗೆ ಮಳೆಗಾಲ ಕಳೆದ ಮೇಲೂ ಕೆಲಸ.

ಬಡದೇಶವೊಂದು ತನ್ನ ಕಚ್ಚಾ ಸರಕನ್ನು ಹಾಗೇ ಮಾರಬೇಕೆ, ಅಥವಾ ಸಂಸ್ಕರಿಸಿ ಮಾರಬೇಕೆ? ಸಂಸ್ಕರಿಸಬೇಕೆಂದರೆ ಸರ್ಕಾರ ಏನು ಮಾಡಬೇಕು, ಅದರ ಭಾರ ಯಾರು ಹೊರಬೇಕು? ಕೋಕೋ, ಹತ್ತಿ, ತಾಮ್ರ, ಕಾಫಿ ಎಲ್ಲಕ್ಕೂ ಆಫ್ರಿಕದಲ್ಲಿ ಇದೇ ಪ್ರಶ್ನೆ. ಗೇರುಬೀಜದಲ್ಲಿ ಉತ್ತರದ ಎರಡೂ ಮಗ್ಗುಲುಗಳು ಸ್ಪಷ್ಟವಾಗಿ ಕಾಣುತ್ತವೆ. ಒಂದು ಕಡೆ ಮರ ಇರುವ ಸಣ್ಣ ರೈತ, ಇನ್ನೊಂದು ಕಡೆ ಬೀಜ ಒಡೆಯುವ ಹೆಂಗಸು. ಇಬ್ಬರೂ ಬಡವರೇ. ಒಬ್ಬರಿಗೆ ಸಿಗುವ ಬೆಲೆಯಿಂದಲೇ ಇನ್ನೊಬ್ಬರ ಕೂಲಿ ಹುಟ್ಟಬೇಕು.

ಒಂದು ಬೀಜ, ಹತ್ತು ಕೈ

ನಾಲ್ಕೈದು ಕಿಲೋ ಕಚ್ಚಾ ಬೀಜ ಒಡೆದರೆ ಒಂದು ಕಿಲೋ ತಿರುಳು ಸಿಗುತ್ತದೆ. ಅಂದರೆ ಸಮುದ್ರ ದಾಟುವ ಸರಕಿನ ಮುಕ್ಕಾಲು ಪಾಲು ಬರೀ ಸಿಪ್ಪೆ.

ಬೀಜವನ್ನು ಮೊದಲು ಹಬೆಯಲ್ಲಿ ಬೇಯಿಸಿ ಆರಲು ಬಿಡುತ್ತಾರೆ. ಆಮೇಲೆ ಕಟ್ಟಿಂಗ್. ಮೇಜಿಗೆ ಜೋಡಿಸಿದ ಎರಡು ಅಲಗುಗಳ ನಡುವೆ ಬೀಜವನ್ನು ಸರಿಯಾದ ಮಗ್ಗುಲಿಗೆ ಹಿಡಿದು, ಕಾಲಿನಿಂದ ಪೆಡಲ್ ಒತ್ತಿ, ಕೈಯಿಂದ ಹಿಡಿಕೆ ಆಡಿಸಿದರೆ ಸಿಪ್ಪೆ ಎರಡು ಹೋಳಾಗುತ್ತದೆ. ಅಲಗು ತುಸು ಒಳಕ್ಕೆ ಹೋದರೂ ತಿರುಳು ತುಂಡಾಗುತ್ತದೆ. ಸಿಪ್ಪೆಯೊಳಗಿನ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ. ಅದಕ್ಕೇ ಹೆಂಗಸರು ಕೈಗೆ ಹರಳೆಣ್ಣೆಯನ್ನೋ ಬೂದಿಯನ್ನೋ ಹಚ್ಚಿಕೊಂಡು ಕೂರುತ್ತಾರೆ. ಬಿಡಿಸಿದ ತಿರುಳನ್ನು ಬೋರ್ಮಾ ಎಂಬ ಬಿಸಿಗೂಡಿನಲ್ಲಿ ಒಣಗಿಸಿ, ಮೇಲಿನ ಕೆಂಪು ಪೊರೆ ಸುಲಿದು, ಗಾತ್ರ ನೋಡಿ ವಿಂಗಡಿಸುತ್ತಾರೆ. ‘ಡಬ್ಲ್ಯೂ 320’ ಎಂಬ ದರ್ಜೆಯಲ್ಲಿ ಒಂದು ಪೌಂಡಿಗೆ 300ರಿಂದ 320 ಇಡೀ ತಿರುಳು ತೂಗಬೇಕು. ಇಡಿಯ ಬೆಲೆಗೂ ತುಂಡಿನ ಬೆಲೆಗೂ ಬಹಳ ಅಂತರ. ಹೀಗಾಗಿ ಈ ಉದ್ಯಮದ ಲಾಭ ನಿಂತಿರುವುದು ಒಡೆಯುವವರ ಕೈಚಳಕದ ಮೇಲೆ. ಶಾಲೆ ಮೆಟ್ಟಿಲು ಹತ್ತದ ಸಾವಿರಾರು ಹಳ್ಳಿ ಹೆಂಗಸರಿಗೆ ಒಟ್ಟಿಗೆ ಸಂಬಳದ ಕೆಲಸ ಕೊಡಬಲ್ಲ ಉದ್ಯಮಗಳು ಹೆಚ್ಚಿಲ್ಲ, ಇದು ಅಂಥದ್ದೊಂದು.

ಮೊಜಾಂಬಿಕ್ ಕಟ್ಟಿದ್ದು, ಕಳೆದುಕೊಂಡದ್ದು

ಬ್ರೆಜಿಲ್‌ನ ಗೇರುಗಿಡವನ್ನು 16ನೇ ಶತಮಾನದಲ್ಲಿ ಪೋರ್ಚುಗೀಸರು ಗೋವಾಕ್ಕೂ ತಂದರು, ಮೊಜಾಂಬಿಕ್‌ಗೂ ಒಯ್ದರು. ಮೊಜಾಂಬಿಕ್‌ನ ಬೀಜ ಬಹುಕಾಲ ಭಾರತಕ್ಕೇ ಬಂದು ಒಡೆಯುತ್ತಿತ್ತು. ನಿಧಾನವಾಗಿ ಅಲ್ಲೂ ಕಾರ್ಖಾನೆಗಳು ಎದ್ದವು. ಇಂದು ಮಪುಟೊ ಎನಿಸಿಕೊಂಡಿರುವ ರಾಜಧಾನಿಯ ಶಮಂಕುಲು ಬಡಾವಣೆಯಲ್ಲಿ ಭಾರತೀಯ ಮೂಲದ ವ್ಯಾಪಾರಿಯೊಬ್ಬರು ಕಟ್ಟಿದ ಕಾರ್ಖಾನೆಯನ್ನು ಕಾರ್ಮಿಕರು ‘ತರಾನಾ’ ಎಂದು ಕರೆಯುತ್ತಿದ್ದರು. ಗಂಡ ತೀರಿಕೊಂಡು, ಇಲ್ಲವೇ ಗಂಡ ಬಿಟ್ಟುಹೋಗಿ ಊರು ತೊರೆದ ಹೆಂಗಸರು ಇಂಥ ಕಾರ್ಖಾನೆಗಳಲ್ಲಿ ದುಡಿದು ನಗರದಲ್ಲಿ ಮನೆ ಕಟ್ಟಿಕೊಂಡರು. 1970ರ ದಶಕದ ಆರಂಭದಲ್ಲಿ ಮೊಜಾಂಬಿಕ್ ವರ್ಷಕ್ಕೆ 2 ಲಕ್ಷ ಟನ್ನಿಗೂ ಹೆಚ್ಚು ಬೀಜ ಬೆಳೆಯುತ್ತಿತ್ತು. ಜಗತ್ತಿನಲ್ಲೇ ಅದು ಮೊದಲ ಸ್ಥಾನ.

1975ರಲ್ಲಿ ಸ್ವಾತಂತ್ರ್ಯ ಬಂತು. ಹೊಸ ಸರ್ಕಾರ ಕಾರ್ಖಾನೆಗಳನ್ನು ರಾಷ್ಟ್ರೀಕರಣ ಮಾಡಿ, ಕಚ್ಚಾ ಬೀಜದ ರಫ್ತನ್ನು ನಿಷೇಧಿಸಿತು. ಹಿಂದೆಯೇ ಅಂತರ್ಯುದ್ಧ ಶುರುವಾಗಿ 1992ರವರೆಗೆ ನಡೆಯಿತು. ರೈತರು ಊರು ಬಿಟ್ಟರು, ರಸ್ತೆ ಮುಚ್ಚಿದವು, ಹೊಸ ಗಿಡ ನೆಡುವವರಿಲ್ಲದೆ ಹಳೆಯ ಮರಗಳು ಬೂದಿರೋಗಕ್ಕೆ ಸಿಕ್ಕವು. ಕಾರ್ಖಾನೆಗಳಲ್ಲಿದ್ದ ದೊಡ್ಡ ಯಂತ್ರಗಳು ತಿರುಳನ್ನು ವಿಪರೀತ ತುಂಡು ಮಾಡುತ್ತಿದ್ದವು.

1990ರ ದಶಕದ ನಡುವಿನಲ್ಲಿ ಸರ್ಕಾರ ಈ ಕಾರ್ಖಾನೆಗಳನ್ನು ಖಾಸಗಿಯವರಿಗೆ ಮಾರಿತು. ಕೊಂಡವರು ಹಣ ಹೂಡುತ್ತಿದ್ದಂತೆಯೇ ವಿಶ್ವಬ್ಯಾಂಕಿನ ಸಾಲದ ಷರತ್ತು ಬಂತು: ನಿಷೇಧದ ಬದಲಿಗೆ ಬಂದಿದ್ದ ಕಚ್ಚಾ ಬೀಜದ ರಫ್ತು ಸುಂಕ ಇಳಿಸಬೇಕು. ಬ್ಯಾಂಕಿನ ವಾದದಲ್ಲಿ ತಿರುಳಿತ್ತು. ರಫ್ತಿಗೆ ತಡೆ ಹಾಕಿದರೆ ಬೀಜ ಒಳಗೇ ಉಳಿದು ಬೆಲೆ ಬೀಳುತ್ತದೆ. ಅದರ ನಷ್ಟ ಸುಮಾರು ಹತ್ತು ಲಕ್ಷ ರೈತ ಕುಟುಂಬಗಳ ಮೇಲೆ ಬೀಳುತ್ತದೆ. ನೆಟ್ಟಗೆ ನಡೆಯದ ಕಾರ್ಖಾನೆಗಳನ್ನು ರೈತನ ದುಡ್ಡಿನಿಂದ ಸಾಕುವುದೇಕೆ?

ಸುಂಕ ಶೇ. 14ಕ್ಕೆ ಇಳಿಯಿತು. ಭಾರತದ ಕೊಳ್ಳುಗರು ಹೆಚ್ಚು ಬೆಲೆ ಕೊಟ್ಟು ಬೀಜ ಒಯ್ದರು. ಮೊಜಾಂಬಿಕ್‌ನ ಕಾರ್ಖಾನೆಗಳು ಸಾಲುಸಾಲಾಗಿ ಬಾಗಿಲು ಹಾಕಿದವು.

ಅರ್ಥಶಾಸ್ತ್ರಜ್ಞರಾದ ಮಾರ್ಗರೆಟ್ ಮ್ಯಾಕ್‌ಮಿಲನ್, ಡ್ಯಾನಿ ರಾಡ್ರಿಕ್ ಮತ್ತು ಕರೆನ್ ಹಾರ್ನ್ ವೆಲ್ಚ್ ಆಮೇಲೆ ಇದರ ಲಾಭನಷ್ಟ ಲೆಕ್ಕ ಹಾಕಿದರು. ಸುಂಕ ಇಳಿದದ್ದರಿಂದ ರೈತ ಕುಟುಂಬಕ್ಕೆ ಸಿಕ್ಕಿದ್ದು ಸರಾಸರಿ ವರ್ಷಕ್ಕೆ 5.30 ಡಾಲರ್. ಏರಿದ ಬೆಲೆಯ ದೊಡ್ಡ ಪಾಲು ನಡುವಿನ ವ್ಯಾಪಾರಿಗಳ ಕೈಯಲ್ಲೇ ನಿಂತಿತ್ತು. ಅತ್ತ 2001ರ ಹೊತ್ತಿಗೆ, 11 ಸಾವಿರ ಗೇರು ಕಾರ್ಮಿಕರಲ್ಲಿ ಸುಮಾರು 10 ಸಾವಿರ ಮಂದಿ ಕೆಲಸ ಕಳೆದುಕೊಂಡಿದ್ದರು.

ಪುಸ್ತಕದ ಅರ್ಥಶಾಸ್ತ್ರದಲ್ಲಿ, ಕೆಲಸ ಹೋದವರು ಬೇಗನೆ ಬೇರೊಂದು ಕೆಲಸಕ್ಕೆ ಸೇರುತ್ತಾರೆ. ಯುದ್ಧ ಮುಗಿದು ಕೆಲವೇ ವರ್ಷವಾಗಿದ್ದ ಮಪುಟೊದಲ್ಲಿ ಬೇರೆ ಕೆಲಸವೇ ಇರಲಿಲ್ಲ. ಬೆಲೆ ಏರಿದೊಡನೆ ರೈತ ಹೊಸ ಗಿಡ ನೆಡುತ್ತಾನೆ ಎಂಬುದು ಇನ್ನೊಂದು ಎಣಿಕೆ. ಗೇರುಗಿಡ ಫಲ ಕೊಡಲು ನಾಲ್ಕೈದು ವರ್ಷ ಬೇಕು. ನೀತಿ ಇನ್ನೆಷ್ಟು ಸಲ ತಿರುಗುತ್ತದೋ ಎಂಬ ಅನುಮಾನ ಇರುವವನು ಅಷ್ಟು ವರ್ಷ ಕಾಯುವ ಧೈರ್ಯ ಮಾಡುವುದಿಲ್ಲ.

ನಂಪುಲಾದ ಸಣ್ಣ ಕಾರ್ಖಾನೆಗಳು

1999ರಲ್ಲಿ ಮೊಜಾಂಬಿಕ್ ಸಂಸತ್ತು ತಾನೇ ಕಾನೂನು ಮಾಡಿ ಸುಂಕವನ್ನು ಮತ್ತೆ ಏರಿಸಿತು. ಈ ಸಲ ಸುಂಕದ ಹಣದ ಒಂದು ಪಾಲು ಸರ್ಕಾರದ ಗೇರು ಸಂಸ್ಥೆಗೆ ಹೋಗಿ, ಅಲ್ಲಿಂದ ಔಷಧಿ ಸಿಂಪಡಣೆ ಮತ್ತು ಸಸಿಗಳ ರೂಪದಲ್ಲಿ ರೈತನ ತೋಟಕ್ಕೆ ಮರಳತೊಡಗಿತು. 2000ದ ಈಚೆಗೆ ಉತ್ತರದ ನಂಪುಲಾ ಪ್ರಾಂತ್ಯದಲ್ಲಿ, ಮರಗಳ ಪಕ್ಕದ ಹಳ್ಳಿಗಳಲ್ಲೇ ಸಣ್ಣ ಕಾರ್ಖಾನೆಗಳು ಶುರುವಾದವು. ನಗರದ ಬೃಹತ್ ಯಂತ್ರಗಳ ಬದಲು ಭಾರತದಲ್ಲಿ ಬಳಕೆಯಲ್ಲಿದ್ದ ಹಬೆಯ ಪದ್ಧತಿ, ಕೈಕಾಲಿನ ಕಟ್ಟಿಂಗ್ ಮೇಜು ಅಲ್ಲಿಗೆ ಬಂದವು. ಟೆಕ್ನೋಸರ್ವ್ ಎಂಬ ಸಂಸ್ಥೆ ತಾಂತ್ರಿಕ ನೆರವು ಕೊಟ್ಟಿತು, ಬೀಜ ಕೊಳ್ಳಲು ಸಾಲ ಸಿಗುವಂತೆ ನೋಡಿಕೊಂಡಿತು. ಕೆಲವು ಕಾರ್ಖಾನೆಗಳು ಸೇರಿ ಒಂದೇ ಬ್ರಾಂಡಿನಲ್ಲಿ ತಿರುಳು ರಫ್ತು ಮಾಡಿದವು. ಕೆಲವೇ ವರ್ಷಗಳಲ್ಲಿ ಸಾವಿರಾರು ಮಂದಿಗೆ ಮತ್ತೆ ಕೆಲಸ ಸಿಕ್ಕಿತು.

ಸುಂಕ ಹಿಂದೆಯೂ ಇತ್ತು, ಈಗಲೂ ಇದೆ. ಈ ಸಲ ಅದರ ಜೊತೆಗೆ ಹೊಂದುವ ಯಂತ್ರ, ಹಂಗಾಮಿನ ಸಾಲ, ಮರದ ಆರೈಕೆ, ಕೊಳ್ಳುವ ಮಾರುಕಟ್ಟೆ ಇಷ್ಟೂ ಒಟ್ಟಿಗೆ ಕೂಡಿಬಂದವು. ಕಾರ್ಖಾನೆ ಹಳ್ಳಿಗೆ ಹೋದದ್ದರಿಂದ ರೈತನಿಗೆ ಊರಲ್ಲೇ ಇನ್ನೊಬ್ಬ ಕೊಳ್ಳುಗ ಸಿಕ್ಕ.

ಸುಗ್ರೀವಾಜ್ಞೆಗೆ ಬಗ್ಗದ ಮರ

ಪಕ್ಕದ ತಾಂಜಾನಿಯದ್ದು ಬೇರೆ ಬಗೆಯ ಪಾಠ. 1970ರ ದಶಕದಲ್ಲಿ ಅಲ್ಲಿನ ಸರ್ಕಾರ ಚದುರಿದ ರೈತರನ್ನು ಹೊಸ ಹಳ್ಳಿಗಳಿಗೆ ಸಾಗಿಸಿತು. ಗೇರುಮರಗಳು ಹಿಂದೆಯೇ ಉಳಿದವು. 1973-74ರಲ್ಲಿ 1.45 ಲಕ್ಷ ಟನ್ ಇದ್ದ ಫಸಲು 1986-87ರ ಹೊತ್ತಿಗೆ 20 ಸಾವಿರ ಟನ್ನಿಗೂ ಕೆಳಗಿಳಿಯಿತು. ಇದೇ ಅವಧಿಯಲ್ಲಿ ವಿದೇಶಿ ಸಾಲ ತಂದು ಹತ್ತಕ್ಕೂ ಹೆಚ್ಚು ಯಂತ್ರಚಾಲಿತ ಕಾರ್ಖಾನೆಗಳನ್ನು ಕಟ್ಟಲಾಗಿತ್ತು. ಒಡೆಯಲು ಬೀಜವಿಲ್ಲದೆ ಬಹುತೇಕ ಕಾರ್ಖಾನೆಗಳು ಸುಮ್ಮನೆ ನಿಂತವು.

2018ರ ನವೆಂಬರಿನಲ್ಲಿ ವ್ಯಾಪಾರಿಗಳು ಕೇಳಿದ ಬೆಲೆ ತೀರಾ ಕಡಿಮೆಯೆಂದು ಅಧ್ಯಕ್ಷ ಜಾನ್ ಮಗುಫುಲಿ ಸೇನೆಯನ್ನೇ ಕಳಿಸಿ, ಕಿಲೋಗೆ 3,300 ಶಿಲ್ಲಿಂಗ್ ದರದಲ್ಲಿ ಬೀಜ ಕೊಳ್ಳಲು ಆಜ್ಞೆ ಮಾಡಿದರು. ರೈತನ ಪರವಾದ ಕಾಳಜಿ ಅದರಲ್ಲಿತ್ತು. ಆದರೆ ಅಷ್ಟೊಂದು ಬೀಜ ಒಡೆಯುವ ಕಾರ್ಖಾನೆಗಳು ದೇಶದಲ್ಲಿರಲಿಲ್ಲ. ಕೊಂಡ ದಾಸ್ತಾನು ಮಾರಲು ಸರ್ಕಾರ ಪರದಾಡಬೇಕಾಯಿತು.

ಪಶ್ಚಿಮದ ಗಿನಿ-ಬಿಸಾವ್‌ನಲ್ಲಿ ರಫ್ತಿನ ಸುಮಾರು ಶೇ. 90 ಭಾಗ ಗೇರುಬೀಜವೇ, ಮುಖ್ಯ ಗಿರಾಕಿ ಭಾರತ. ಅಲ್ಲಿನ ರೈತರು ಬೀಜ ಕೊಟ್ಟು ಅಕ್ಕಿ ಪಡೆಯುವುದೂ ಉಂಟು. ಬೀಜದ ಬೆಲೆ ಕುಸಿದ ವರ್ಷ ಅಡುಗೆಮನೆಗೆ ನೇರವಾಗಿ ಏಟು ಬೀಳುತ್ತದೆ.

ಐವರಿ ಕೋಸ್ಟ್ ಮತ್ತು ಬೆನಿನ್

ಇಂದು ಗೇರು ಬೆಳೆಯಲ್ಲಿ ಮೊದಲ ಸ್ಥಾನದಲ್ಲಿರುವುದು ಐವರಿ ಕೋಸ್ಟ್. 2022ರಲ್ಲಿ ಅದರ ಫಸಲು ಹತ್ತು ಲಕ್ಷ ಟನ್ ದಾಟಿತು. ದಶಕದ ಹಿಂದೆ ಅದರಲ್ಲಿ ಹತ್ತನೇ ಒಂದು ಭಾಗವೂ ದೇಶದೊಳಗೆ ಒಡೆಯುತ್ತಿರಲಿಲ್ಲ. ಈಗ ಐದನೇ ಒಂದು ಭಾಗಕ್ಕೂ ಹೆಚ್ಚು ಒಡೆಯುತ್ತಿದೆ. ಅಲ್ಲಿನ ಸರ್ಕಾರ ಕಚ್ಚಾ ಬೀಜಕ್ಕೆ ರಫ್ತು ಸುಂಕ ಹಾಕಿತು; ತಿರುಳು ರಫ್ತು ಮಾಡುವ ಕಾರ್ಖಾನೆಗೆ ಕಿಲೋಗೆ 400 ಸಿಎಫ್‌ಎ ಫ್ರಾಂಕ್ ಪ್ರೋತ್ಸಾಹಧನ ಕೊಟ್ಟಿತು; ಪ್ರತಿ ಹಂಗಾಮಿಗೂ ರೈತನಿಗೆ ಸಿಗಬೇಕಾದ ಕನಿಷ್ಠ ಬೆಲೆ ಘೋಷಿಸುತ್ತಿದೆ. ಆದರೆ ಗಡಿಯಾಚೆ ಹೆಚ್ಚು ಬೆಲೆ ಇದ್ದ ವರ್ಷ ಬೀಜ ರಾತ್ರೋರಾತ್ರಿ ಘಾನಾಕ್ಕೆ ಹೋಗುತ್ತದೆ. ಹೀಗಾಗಿ ಒಂದು ದೇಶದ ಸುಂಕ ಪಕ್ಕದ ದೇಶದ ಸುಂಕಕ್ಕೆ ಹೊಂದದಿದ್ದರೆ ಅದು ಸೋರುತ್ತದೆ. 2018ರ ಮಾರ್ಚಿನಲ್ಲಿ ಕಿಗಾಲಿಯಲ್ಲಿ ಸಹಿಯಾಗಿ, 2021ರ ಜನವರಿಯಿಂದ ವಹಿವಾಟಿಗೆ ತೆರೆದುಕೊಂಡ ಆಫ್ರಿಕ ಖಂಡದ ಮುಕ್ತ ವ್ಯಾಪಾರ ಒಪ್ಪಂದ ಇಂಥ ಹೊಂದಾಣಿಕೆಗೆ ವೇದಿಕೆಯಾಗಬಹುದು. ಹುರಿದು ಉಪ್ಪು ಹಚ್ಚಿದ ಗೋಡಂಬಿಗೆ ಲಾಗೋಸ್, ನೈರೋಬಿಯಂಥ ನಗರಗಳಲ್ಲೇ ಗಿರಾಕಿ ಹುಡುಕುವ ದಾರಿಯೂ ಅದರಿಂದ ತೆರೆಯುತ್ತದೆ.

ಬೆನಿನ್ ಇನ್ನೂ ಮುಂದೆ ಹೋಗಿದೆ. ಮುಖ್ಯ ನಗರ ಕೊಟೊನೂವಿನಿಂದ ಸುಮಾರು 45 ಕಿ.ಮೀ. ದೂರದ ಗ್ಲೋ-ಜಿಗ್ಬೆಯಲ್ಲಿ 1,640 ಹೆಕ್ಟೇರಿನ ಕೈಗಾರಿಕಾ ವಲಯ ಕಟ್ಟಿ, 2024ರ ಏಪ್ರಿಲ್‌ನಿಂದ ಕಚ್ಚಾ ಗೇರುಬೀಜದ ರಫ್ತನ್ನೇ ನಿಲ್ಲಿಸುವ ತೀರ್ಮಾನ ಕೈಗೊಂಡಿತು. ಎರಡು ವರ್ಷ ಮೊದಲೇ ದಿನಾಂಕ ಹೇಳಿದ್ದರಿಂದ ಕಾರ್ಖಾನೆ ಹೂಡುವವರಿಗೆ ತಯಾರಿಗೆ ಸಮಯ ಸಿಕ್ಕಿತು.

ಇದರ ಬಿಸಿ ಕರಾವಳಿಗೂ ತಟ್ಟುತ್ತದೆ. ಆಮದು ಬೀಜ ನಂಬಿಕೊಂಡ ದಕ್ಷಿಣ ಕನ್ನಡ, ಉಡುಪಿಯ ಕಾರ್ಖಾನೆಗಳಿಗೆ ಸರಕು ಹೊಂದಿಸುವುದು ಕಷ್ಟವಾಗುತ್ತ ಹೋಗಬಹುದು. ಮೊಜಾಂಬಿಕ್‌ನ ಹೆಂಗಸರು ಅನುಭವಿಸಿದ ಸಂಕಟ ಇಲ್ಲಿನ ಹೆಂಗಸರ ಪಾಲಿಗೆ ಬರಬಾರದು. 1986ರಲ್ಲಿ ಪುತ್ತೂರಿನಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರವಾಗಿ ಶುರುವಾದ ಗೇರು ಸಂಶೋಧನಾ ನಿರ್ದೇಶನಾಲಯದ ಅಧಿಕ ಇಳುವರಿಯ ತಳಿಗಳು ನಮ್ಮ ಗುಡ್ಡಗಳಿಗೆ ಇನ್ನಷ್ಟು ವೇಗವಾಗಿ ಹಬ್ಬಬೇಕಾದ ಕಾರಣವೂ ಇದೇ.

ಬೆನಿನ್‌ನ ಪ್ರಯೋಗ ಎಲ್ಲರನ್ನೂ ಒಳಗೊಂಡಿತೋ ಇಲ್ಲವೋ ಎಂಬುದನ್ನು ಕಾರ್ಖಾನೆಗಳ ಸಂಖ್ಯೆಯಿಂದ ಅಳೆಯಲಾಗದು. ಕೊಳ್ಳುಗರು ನಾಲ್ಕೇ ಮಂದಿಯಾದರೆ ಹಳ್ಳಿಯ ಬೆಲೆ ಬೀಳುತ್ತದೆ, ಬೀಜ ಟೋಗೊ ಅಥವಾ ನೈಜೀರಿಯಾದ ದಾರಿ ಹಿಡಿಯುತ್ತದೆ. ವಿಯೆಟ್ನಾಂ ಮಾದರಿಯ ಸ್ವಯಂಚಾಲಿತ ಕಟ್ಟಿಂಗ್ ಯಂತ್ರ ಬಂದಲ್ಲಿ ಒಡೆಯುವ ಕೈಗಳು ಕಡಿಮೆ ಸಾಕು. ಪೊರೆ ಸುಲಿಯುವ, ವಿಂಗಡಿಸುವ ಕೆಲಸಗಳಲ್ಲಿ ಉಳಿದ ಹೆಂಗಸರ ಕೂಲಿ ಎಷ್ಟು, ಕೂಸನ್ನು ಬಿಟ್ಟುಬರಲು ಕಾರ್ಖಾನೆಯಲ್ಲಿ ಜಾಗವಿದೆಯೇ ಎಂದು ಕೇಳಬೇಕಾಗುತ್ತದೆ. ಉತ್ತರ ಬೆನಿನ್‌ನ ಸಂತೆಯಲ್ಲಿ ರೈತನ ಕೈಗೆ ಸೇರುವ ಕಿಲೋ ಬೆಲೆ, ಗ್ಲೋ-ಜಿಗ್ಬೆಯ ಹೆಣ್ಣುಮಕ್ಕಳ ತಿಂಗಳ ಸಂಬಳ, ಹೊಸದಾಗಿ ನೆಟ್ಟ ಸಸಿಗಳ ಲೆಕ್ಕ: ಮುಂದಿನ ಕೆಲವು ಹಂಗಾಮುಗಳಲ್ಲಿ ಈ ಮೂರೂ ಒಟ್ಟಿಗೆ ಏರಿದರೆ, ಮೊಜಾಂಬಿಕ್ ಅಂದು ಕಳೆದುಕೊಂಡದ್ದನ್ನು ಬೆನಿನ್ ಗಳಿಸಿತೆಂದು ಲೆಕ್ಕ.